ಡಬ್ಬಿಯಲ್ಲಿದ್ದ ಮಂಡಿ

ಗೆಜ್ಜಲಗೆರೆಯ ನಮ್ಮ ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ನನಗೆ ಕೆಲಸ ಕಲಿಸುತ್ತಿದ್ದ ಮೇಡಂ ಜೀವಕೋಶಗಳ ನಡುವಿನ ಅಂಟನ್ನು ಪರೀಕ್ಷಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಇಟ್ಟಿಗೆ ಎಲ್ಲರೂ ನೋಡ್ತಾರೆ, ನೀನು ಗಾರೆ ನೋಡು ಕಣಮ್ಮ" ಎನ್ನುವರು. ಪೂಜೆಗೀಜೆ ಎಂದರೆ ದೂರ.

ಆಪರೇಷನ್‌ನಲ್ಲಿ ಮಂಡಿ ಬದಲಿಸಿಕೊಂಡವರ ಹಳೆಯ ಮೂಳೆ, ಒಪ್ಪಿಗೆ ಪಡೆದು, ಈ ಪರೀಕ್ಷೆಗೆಂದು ಡಬ್ಬಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಹಾಗೆ ಕೊಟ್ಟಿದ್ದ ಮಳವಳ್ಳಿಯ ಅಜ್ಜಿಯೊಬ್ಬರು ಒಂದು ದಿನ ಕೋಲೂರಿಕೊಂಡು ಬಂದೇಬಿಟ್ಟರು.

"ನನ್ ಮಂಡಿ ಎಲ್ಲೈತವ್ವ? ನಾಟಿ ಗದ್ದೇಲಿ ಸವೆದಿದ್ ಮಂಡಿ. ಒಂದ್ಸಲ ನೋಡ್ಬುಟ್ಟು ಓಯ್ತೀನಿ."

ವಾಪಸ್ ಕೇಳಿದರೆ ಕೆಲಸವೆಲ್ಲ ಹಾಳೆಂದು ನನಗೆ ಭಯ. ಮೇಡಂ ಆ ಮಂಡಿಯ ಡಬ್ಬಿಯನ್ನು ತಂದು ಅವರ ಕೈಗಿಟ್ಟರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, "ಬಾಳ ದಣಿದಿದ್ದೀಯ, ಇನ್ನು ಮಲಿಕ್ಕೊ" ಎಂದು ಹಿಂದಕ್ಕೆ ಕೊಟ್ಟರು.

ಆ ವರ್ಷದ ಆಯುಧಪೂಜೆಗೆ ಸೂಕ್ಷ್ಮದರ್ಶಕಕ್ಕೆ ಕುಂಕುಮವಿಡಲು ಹೋದ ನನ್ನ ಕೈಯನ್ನು ಮೇಡಂ ಹಿಡಿದರು.

"ಮೊದಲು ಡಬ್ಬಿಗೆ ಇಡು ಕಣಮ್ಮ."