ನಾರು ಅಂದ್ರೆ ಯಾವ ನಾರು?

ಮಹಾರಾಜರ ಕಾಲದಲ್ಲಿ ಮಧುಗಿರಿ, ಸಿರಾ ಕಡೆಯ ಹಳ್ಳಿಗಳನ್ನು ಸುತ್ತಿ ಆರೋಗ್ಯದ ಭಾಷಣ ಮಾಡುವುದು ನನ್ನ ಕೆಲಸವಾಗಿತ್ತು. ತಲೆಗೆ ರುಮಾಲು, ಮೈಗೆ ಕರಿ ಕೋಟು, ಜಂಬಕ್ಕಂತೂ ಕೊರತೆಯಿರಲಿಲ್ಲ. ಒಂದು ಬೇಸಿಗೆ ಬಡವನಹಳ್ಳಿಯ ಆಚೆ, ಕೆರೆಯ ಪಕ್ಕದ ಬೆಸ್ತರ ಕೇರಿಗೆ ನಾರುಹುಣ್ಣಿನ ವಿಷಯ ತಿಳಿಸಲು ಹೋದೆ.

ಹೇಳಬೇಕಾದದ್ದು ಇಷ್ಟೇ. ಹುಣ್ಣಾದ ಕಾಲನ್ನು ನೀರಿಗಿಟ್ಟರೆ ಒಳಗಿರುವ ನಾರು ಎಂಬ ದಾರದಂಥ ಹುಳ ಮರಿ ಹಾಕುತ್ತದೆ. ಆ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದೊಳಗೆ ಅದೇ ಹುಣ್ಣು. ಇಷ್ಟು ಹೇಳಲೂ ನನಗೆ ಬಾಯಿ ಬರಲಿಲ್ಲ. ನನ್ನ ಎಡಗಾಲಿನ ಹರಡಿನ ಮೇಲೆಯೇ ನಾರು ಎದ್ದಿತ್ತು! ಪಟ್ಟಿ ಸುತ್ತಿ, ಮೇಲೆ ಪಂಚೆ ಇಳಿಬಿಟ್ಟಿದ್ದೆ. ಕಾಲು ಎಂಬ ಮಾತೆತ್ತಿದರೆ ಎಲ್ಲರ ಕಣ್ಣೂ ನನ್ನ ಕಾಲಿಗೇ ಬಿದ್ದೀತೆಂಬ ಭಯ. ಊರಿಗೆಲ್ಲ ಬುದ್ಧಿ ಹೇಳಲು ಬಂದವನಿಗೇ ನಾರುಹುಣ್ಣೆಂದರೆ ನಗದೆ ಬಿಡುತ್ತಾರೆಯೆ?

"ನೀರಿಗೆ ನಾರು ಬೀಳಬಾರದು, ನಾರು ಬಿದ್ದ ನೀರು ಕುಡಿಯಬಾರದು" ಎಂದು ಚುಟುಕಾಗಿ ಮುಗಿಸಿದೆ. ಸೋಸುವ ಮಾತು ಅವಸರದಲ್ಲಿ ಬಿಟ್ಟೇಹೋಯಿತು. ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ, "ನಾರು ಅಂದ್ರೆ ಯಾವ ನಾರು ಬುದ್ದಿ?" ಎಂದಳು.

"ನಾರೇ ಕಣಮ್ಮ. ಅಷ್ಟೂ ಗೊತ್ತಿಲ್ವೆ?" ಎಂದು ಎದ್ದುಬಿಟ್ಟೆ.

ಕೇರಿಯ ಕೊನೆಯಲ್ಲಿ ಮೆಟ್ಟಿಲು ಕಟ್ಟಿದ ಒಂದು ಕುಂಟೆಯಿತ್ತು. ಅದರ ಒಂದು ಮೂಲೆಯಲ್ಲಿ ಬಲೆ ಹೆಣೆಯುವ ಸೆಣಬಿನ ನಾರು ನೆನೆಯುತ್ತಿತ್ತು, ಇನ್ನೊಂದು ಮೂಲೆಯಲ್ಲಿ ಕುಡಿಯುವ ನೀರು ತುಂಬುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಕಾಲು ಕೆಂಡ ಕಟ್ಟಿದಂತೆ ಉರಿಯುತ್ತಿತ್ತು. ಸುತ್ತ ನೋಡಿದೆ, ಯಾರೂ ಇಲ್ಲ. ಪಟ್ಟಿ ಬಿಚ್ಚಿ ಕಾಲನ್ನು ನೀರಿಗಿಟ್ಟೆ. ಹಾಯೆನಿಸಿತು. ಹುಣ್ಣಿನ ಬಾಯಿಂದ ಹಾಲಿನಂಥದ್ದು ನೀರಿಗೆ ಇಳಿಯಿತು. ಅದೇನೆಂದು ಆ ಸುತ್ತಿನಲ್ಲಿ ಬಲ್ಲವನು ನಾನೊಬ್ಬನೇ.

ತಿರುಗಿ ನೋಡಿದರೆ ಅದೇ ಹೆಂಗಸು ಮೇಲಿನ ಮೆಟ್ಟಿಲಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದಳು. ದೊಡ್ಡ ಮನುಷ್ಯರು ಕಾಲು ತೊಳೆದುಕೊಳ್ಳಲಿ ಎಂದು ಮರ್ಯಾದೆಗೆ ಕಾದಿದ್ದಳು. ನಾನು ಮೇಲೆ ಬಂದೆ, ಅವಳು ಇಳಿದು ಕೊಡ ತುಂಬಿದಳು. ಆ ನೀರು ಚೆಲ್ಲಮ್ಮ ಎನ್ನಲು ಎರಡು ಮಾತು ಸಾಕಿತ್ತು. ನಾನು ಪಂಚೆ ಇಳಿಬಿಟ್ಟುಕೊಂಡು ನಡೆದುಬಿಟ್ಟೆ. ಇಂದಿಗೂ ತುಂಬಿದ ಕೊಡ ಕಂಡರೆ ನನ್ನ ತಲೆ ತಗ್ಗುತ್ತದೆ.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಅದೇ ಕೇರಿಗೆ ಹೋಗಬೇಕಾಯಿತು. ಅವಳ ಜಗುಲಿಯ ಮೇಲೆ ಬಲೆಯಿರಲಿಲ್ಲ. ಬಲಗಾಲು ಊದಿ, ಹುಣ್ಣಿನಿಂದ ಹೊರಬಂದ ನಾರನ್ನು ಕಡ್ಡಿಗೆ ಸುತ್ತಿ ಕಟ್ಟಿದ್ದಳು. ನನ್ನನ್ನು ಕಂಡು ಕೈ ಮುಗಿದಳು.

"ನೀವು ಯೋಳ್ದಂಗೇ ಮಾಡ್ದೆ ಬುದ್ದಿ. ಕುಂಟೇಲಿದ್ದ ನಾರ್ನೆಲ್ಲ ಎತ್ತಿ ಸುಟ್ಟಾಕ್ಬುಟ್ಟೆ. ಬಲೆ ಹೆಣೆಯಾದೂ ಬುಟ್ಟೆ. ಆದ್ರೂ ಬಂತಲ್ಲ. ನಂದೆಲ್ಲಿ ತೆಪ್ಪಾಯ್ತು?"

ಪಂಚೆಯನ್ನು ಒಂದು ಗೇಣು ಎತ್ತಿ ನನ್ನ ಹರಡಿನ ಕಲೆ ತೋರಿಸಿದ್ದರೆ ಎಲ್ಲವೂ ಅವಳಿಗೆ ಅರ್ಥವಾಗುತ್ತಿತ್ತು. ನಾನು ರುಮಾಲು ಸರಿಮಾಡಿಕೊಂಡೆ.

"ಎಲ್ಲೋ ಒಂದು ಎಳೆ ಉಳ್ಕೊಂಡಿರ್ಬೇಕು ಕಣಮ್ಮ" ಎಂದೆ.

"ಅಂಗೇ ಇರ್ಬೇಕು" ಎಂದು ಅವಳು ಗೋಡೆ ಹಿಡಿದು ಎದ್ದಳು. ಉಳಿದ ಎಳೆಯನ್ನು ಹುಡುಕಲು, ಆ ಕಾಲಿನಲ್ಲೇ ಕುಂಟೆಯ ನೀರಿಗೆ ಇಳಿದಳು.