ಎಡಗಡೆಯ ಕಿಟಕಿ

ನಂಜನಗೂಡಿನಲ್ಲಿ ಆಟೋ ಟಾಪು ಹರಿದರೆ ಇಂದ್ರಾಣಿಯ ಅಂಗಡಿಗೇ ಬರಬೇಕು. ಗಂಡ ಶಿವಮೂರ್ತಿ ಶುರುಮಾಡಿದ ಕಸುಬು ಅದು. ಆತ ಎರಡು ಸೂಜಿ ಮುರಿಯುವಷ್ಟರಲ್ಲಿ ಈಕೆ ಒಂದು ಟಾಪು ಮುಗಿಸುತ್ತಿದ್ದಳು, ಹಾಗಾಗಿ ಮಿಷನ್ನು ತಾನಾಗಿಯೇ ಈಕೆಯ ಪಾಲಾಯಿತು. ಈಗ ಆತ ರೆಕ್ಸಿನ್ ಕತ್ತರಿಸಿ ಕೊಡುತ್ತಾನೆ, ಟೀ ತರುತ್ತಾನೆ. ಊರಲ್ಲೆಲ್ಲ ಮರ್ಯಾದೆ ಇದ್ದರೂ ನರಸೀಪುರದ ರಸ್ತೆಯ ತವರು ಹೆಮ್ಮಿಗೆಯಲ್ಲಿ ಮಾತ್ರ ಇಲ್ಲ. ಅಲ್ಲಿ ಅಣ್ಣನ ಹೆಂಡತಿ ಚಿನ್ನಮ್ಮ, ಮದುವೆಮನೆಯ ಊಟದ ಪಂಕ್ತಿಯಲ್ಲೇ, "ಆಟೋ ಟಾಪು ಒಲಿಯೋದೂ ಒಂದು ಕೆಲ್ಸವಾ?" ಎಂದುಬಿಟ್ಟಿದ್ದಳು. ಹನ್ನೊಂದು ವರ್ಷವಾಯಿತು, ಇಂದ್ರಾಣಿಗೆ ಅದಿನ್ನೂ ಉರಿಯುತ್ತದೆ.

ಈಚೆಗೆ ಮೈಸೂರಿನ ನಿವೃತ್ತ ಎಂಜಿನಿಯರ್ ಸೋಮಶೇಖರ್ ಅರವತ್ತು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಎರಡೇ ಸೀಟು, ಮೇಲೆ ಬಟಾಬಯಲು. ಬಾಗಿಲ ಮೇಲೆ ಸಿಕ್ಕಿಸುವ ಕಿಟಕಿಗಳ ಪ್ಲಾಸ್ಟಿಕ್ಕು ಹಳದಿಗಟ್ಟಿ, ಬಿರುಕುಬಿಟ್ಟು, ಆಚೆ ನಿಂತಿರುವುದು ಎಮ್ಮೆಯೋ ಲಾರಿಯೋ ತಿಳಿಯುವಂತಿರಲಿಲ್ಲ. ಕಂಬಿಯ ಚೌಕಟ್ಟು ಹಾಗೇ ಇಟ್ಟುಕೊಂಡು ಹೊಸದು ಹೊಲಿಯಬೇಕು. ಪಕ್ಕದ ಸೀಟಿಗೆ ಯಾರನ್ನೂ, ಹೆಂಡತಿಯನ್ನೂ ಕೂರಿಸುವುದಿಲ್ಲವೆಂದು ಅವರು ಜಂಬದಿಂದ ಹೇಳಿಕೊಂಡರು.

ಇಂದ್ರಾಣಿ ಆ ಸೀಟನ್ನೇ ನೋಡುತ್ತಿದ್ದಳು. ಅದರಲ್ಲಿ ಕೂತು ಒಂದೇ ಒಂದು ಸಲ ಅತ್ತಿಗೆಯ ಜಗಲಿಯ ಮುಂದೆ ಹೋಗಬೇಕು, ಅಷ್ಟೇ.

ನಾಲ್ಕು ದಿನದಲ್ಲಿ ಎರಡೂ ಕಿಟಕಿ ಮುಗಿದವು. ಬಲಗಡೆಯದನ್ನು ಸಿಕ್ಕಿಸಿ, ಎಡಗಡೆಯದನ್ನು ಹಳೇ ಸೀರೆಯಲ್ಲಿ ಸುತ್ತಿ ಸೀಟಿನ ಹಿಂದೆ ತುರುಕಿದಳು. ಹೊಸ ಪ್ಲಾಸ್ಟಿಕ್ಕು ಎಷ್ಟೇ ತಿಳಿಯಾಗಿರಲಿ, ಅಡ್ಡವಿಲ್ಲದೆ ಅತ್ತಿಗೆಗೆ ತನ್ನ ಮುಖ ಕಂಡಂತಾಗುತ್ತದೆಯೇ? ಹೆಮ್ಮಿಗೆ ದಾಟಿದ ಮೇಲೆ ಹಾಕಿದರಾಯಿತು.

"ಎಡಗಡೆದು ಇನ್ನೂ ಮುಗ್ದಿಲ್ಲ ಸಾ," ಎಂದಳು. "ಓಡೋವಾಗ ಗಾಳಿ ಎಲ್ಲಿ ನುಗ್ತದೆ ಅಂತ ನಾನೇ ಕೂತು ನೋಡ್ಬೇಕು. ನರಸೀಪುರದ ರೋಡಾದ್ರೆ ಚೆನ್ನಾಗಿ ತಿಳೀತದೆ."

ಶಿವಮೂರ್ತಿ ಟೀ ಲೋಟದಲ್ಲಿ ಮುಖ ಬಚ್ಚಿಟ್ಟುಕೊಂಡ. ಸೋಮಶೇಖರ್ ಬಹಳ ಹೊತ್ತು ಯೋಚಿಸಿ ಎಡಗಡೆಯ ಬಾಗಿಲು ತೆಗೆದರು.

ಹೆಮ್ಮಿಗೆ ಬಂತು. "ಇಲ್ಲಿ ಒಂಚೂರು ನಿಲ್ಸಿ ಸಾ," ಎಂದಳು ಇಂದ್ರಾಣಿ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಿನ್ನಮ್ಮ ಎದ್ದು ಬಂದು ಕಾರಿಗೆ ಒಂದು ಸುತ್ತು ಹಾಕಿದಳು.

"ಪಾಪ, ಮೇಲ್ಗಡೆನೂ ಇಲ್ಲ, ಈ ಕಡೆ ಕಿಟ್ಕಿನೂ ಇಲ್ಲ. ಟಾಪು ಒಲಿಯೋಳು ಪಕ್ಕದಲ್ಲೇ ಕೂತಿದ್ದೀಯ, ಒಂದು ಕಿಟ್ಕಿ ಒಲ್ಕೊಡಾಕೆ ಬರ್ನಿಲ್ವಾ?"

ಇಂದ್ರಾಣಿಗೆ ತಡೆಯಲಾಗಲಿಲ್ಲ. ಬೇರೆ ಏನು ಬೇಕಾದರೂ ಅನ್ನಲಿ, ಹೊಲಿಯಲು ಬರುವುದಿಲ್ಲ ಅನ್ನುವುದೇ? ಸೀಟಿನ ಹಿಂದಕ್ಕೆ ಕೈಹಾಕಿ, ಸೀರೆ ಬಿಚ್ಚಿ, ಕಿಟಕಿಯನ್ನು ಬಾಗಿಲಿಗೆ ಟಕ್ಕನೆ ಕೂರಿಸಿದಳು. ಸಂದಿನಲ್ಲಿ ಒಂದು ಕೂದಲೂ ತೂರುವಂತಿರಲಿಲ್ಲ. ಚಿನ್ನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು.

"ನೀನೇ ಒಲ್ದಿದ್ದಾ?"

ಹನ್ನೊಂದು ವರ್ಷದ ಉರಿ ಆ ಒಂದು ಮಾತಿಗೆ ತಣ್ಣಗಾಯಿತು. ಪಕ್ಕದಲ್ಲಿ ಸೋಮಶೇಖರ್ ಸಣ್ಣಗೆ ಕೆಮ್ಮಿದರು.

"ಇದಿನ್ನೂ ಮುಗಿದಿಲ್ಲ ಅಂದಿದ್ರಲ್ಲಮ್ಮ?"

"ಈಗ ಮುಗೀತು ಸಾ," ಎಂದಳು ಇಂದ್ರಾಣಿ.