ಜೇಬಿನಲ್ಲಿದ್ದ ಎರಡು ನಟ್ಟು

ಆಗತಾನೇ ಕುಯ್ದ ತೇಗದ ಹೊಟ್ಟಿನ ವಾಸನೆ ನಿಮಗೆ ಇಷ್ಟವೇ? ನನಗೆ ಇಷ್ಟ ಎಂದೇ ನಾನೂ ತಿಳಿದುಕೊಂಡಿದ್ದೆ. ಹಾಸನದ ಅಂಗಡಿಯೊಂದರಲ್ಲಿ ಟೇಬಲ್ ಸಾ ನೋಡಲು ಹೋದ ದಿನ ಅದು ಮೂಗಿಗೆ ಬಡಿದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಹೆಚ್ಚಾಯಿತೇನೋ ಎಂದು ಮೊದಲು ಸಮಾಧಾನ ಹೇಳಿಕೊಂಡೆ.

ಟೇಬಲ್ ಸಾ ಎಂದರೆ ಮೇಜಿನ ನಡುವಿನ ಸೀಳಿನಿಂದ ಗುಂಡು ಗರಗಸವೊಂದು ಅರ್ಧ ತಲೆ ಎತ್ತಿ ಗಿರ್ರೆಂದು ತಿರುಗುವ ಯಂತ್ರ. ಹಲಗೆಯನ್ನು ಅದರತ್ತ ತಳ್ಳಿದರೆ ಸರಿಯಾಗಿ ಸೀಳಿಕೊಡುತ್ತದೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜ ಕೇಳಿ ಆಗಿದೆ. ಹಿಂದಕ್ಕೆ ತೆಗೆಯುವಾಗ ಎದುರು ಮನೆಯವರ ಕಾಂಪೌಂಡನ್ನು ಮೂರು ಸಲ ಮಾತಾಡಿಸಿದ ಮೇಲೆ ನಮ್ಮ ಕಾರನ್ನು ಮಾರಿದೆವು. ಖಾಲಿಯಾದ ಶೆಡ್ಡಿನಲ್ಲಿ ತೆಂಗಿನಕಾಯಿ ತುಂಬೋಣ ಎಂದು ಅವಳು, ಮರಗೆಲಸ ಮಾಡೋಣ ಎಂದು ನಾನು. ಯಾವ ಯಂತ್ರದ ಮೋಟಾರು ಎಷ್ಟು ಬಲದ್ದು, ಬ್ಲೇಡಿಗೆ ಎಷ್ಟು ಹಲ್ಲು, ಓರೆಯಾಗಿ ಕುಯ್ಯುತ್ತದೋ ಇಲ್ಲವೋ ಎಂದು ಮೊಬೈಲಿನಲ್ಲಿ ನೋಡಿ ನೋಡಿ ಒಂದು ನೋಟ್‌ಬುಕ್ಕನ್ನೇ ತುಂಬಿಸಿದ್ದೆ. "ಮದುವೆಗೆ ಮುಂಚೆ ನನ್ನ ವಿಷಯ ಇಷ್ಟು ವಿಚಾರಿಸಿದ್ರಾ?" ಎಂದು ಗಿರಿಜ ಕೇಳಿದಳು. ವಿಚಾರಿಸಿರಲಿಲ್ಲ.

ಅಂಗಡಿಯವನು ಚುರುಕಿನ ಮನುಷ್ಯ. ಒಂದು ತೇಗದ ತುಂಡನ್ನು ಕುಯ್ದು ತೋರಿಸಿದ. ಆಮೇಲೆ ಬ್ಲೇಡಿನ ಮೇಲಿದ್ದ ಗಾರ್ಡನ್ನು, ಅಂದರೆ ಕೈ ತಗಲದಂತೆ ಕಾಯುವ ಮುಚ್ಚಳವನ್ನು, ಎರಡು ನಟ್ಟು ತಿರುಗಿಸಿ ಸಲೀಸಾಗಿ ತೆಗೆದ. "ಇದೊಂದು ಅಡ್ಡ ಬತ್ತದೆ. ಮನೇಗ್ ಓದ್ಮೇಲೆ ಬಿಚ್ಚಿ ಮಡಗ್ಬುಡಿ. ಎಲ್ರೂ ಅಂಗೇ ಮಾಡೋದು" ಎಂದು ಆ ಎರಡು ನಟ್ಟನ್ನು ನನ್ನ ಅಂಗೈಗೆ ಹಾಕಿದ. ಎರಡು ಕಿವಿ ಇರುವ, ಬೆರಳಿನಲ್ಲೇ ತಿರುಗಿಸುವ ನಟ್ಟು. ಉಪ್ಪಿಟ್ಟಿನದೇನೂ ತಪ್ಪಿರಲಿಲ್ಲ.

ಇಂಥವೇ ಎರಡು ನಟ್ಟು ಒಂದು ಕಾಲದಲ್ಲಿ ನನ್ನ ಶರ್ಟಿನ ಜೇಬಿನಲ್ಲಿದ್ದವು. ಹೊಳೆನರಸೀಪುರದಲ್ಲಿ ನಮ್ಮಪ್ಪನದು ಬಾಗಿಲು ಕಿಟಕಿ ಮಾಡಿಸಿ ಮಾರುವ ವ್ಯಾಪಾರ. ಅಪ್ಪನಿಗೆ ಮೊಳೆ ಹೊಡೆಯಲೂ ಬರುತ್ತಿರಲಿಲ್ಲ. ಕೆಲಸವೆಲ್ಲ ಜವರಾಚಾರಿಯ ಕೈಯಲ್ಲಿ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು, ಮಿತಭಾಷಿ. ಅವನು ಕೂಡಿಸಿದ ಚೌಕಟ್ಟಿನ ಸಂದಿಗೆ ಉಗುರು ತೂರುತ್ತಿರಲಿಲ್ಲ. ನಾನು ಆಗಷ್ಟೇ ಬಿ.ಎಡ್. ಮುಗಿಸಿ, ನೌಕರಿಗೆ ಕಾಯುತ್ತ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಓಡಾಡುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ.

ಅಲ್ಲೂ ಇಂಥದೇ ಒಂದು ಗರಗಸದ ಯಂತ್ರವಿತ್ತು. ಆಯುಧಪೂಜೆಯ ದಿನ ಅದನ್ನು ತೊಳೆದು ಸಿಂಗರಿಸುವುದು ಮನೆಮಗನಾದ ನನ್ನ ಕೆಲಸ. ಗಾರ್ಡಿನ ಮೇಲೆ ವಿಭೂತಿ ಬಳಿದರೆ ಅಪ್ಪನಿಗೆ ಒಪ್ಪಿಗೆಯಾಗದು. "ಮುಚ್ಚಳಕ್ಕೆ ಪೂಜೆ ಮಾಡ್ತಾರೇನೋ? ಆಯುಧಕ್ಕೆ ಬಳಿ" ಎನ್ನುತ್ತಿದ್ದರು. ಹಾಗಾಗಿ ಪ್ರತಿ ವರ್ಷವೂ ಗಾರ್ಡು ಬಿಚ್ಚಿ, ಗುಂಡು ಗರಗಸಕ್ಕೇ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವು. ಮಾರನೆಯ ದಿನ ಮರುಪೂಜೆ ಮಾಡಿ, ಹೂವು ತೆಗೆದು, ಗಾರ್ಡು ಹಾಕಿ, ಶಾಸ್ತ್ರಕ್ಕೆಂದು ಒಂದು ಪಟ್ಟಿ ಕುಯ್ಯಬೇಕು. ಅಲ್ಲಿಗೆ ಹಬ್ಬ ಮುಗಿಯಿತು.

ಆ ವರ್ಷ ಮರುಪೂಜೆಯ ಹೊತ್ತಿಗೆ ನನಗೆ ಹಾಸನದ ಬಸ್ಸಿನ ಆತುರ. ಸಿನಿಮಾಕ್ಕೆ ಹೋಗಲು ಗೆಳೆಯರು ಕಾಯುತ್ತಿದ್ದರು. ಮಂಗಳಾರತಿ ಮುಗಿಸಿ ಅಪ್ಪ ಪ್ರಸಾದ ಹಂಚಲು ಹೊರಗೆ ಹೋದರು. ಜವರಾಚಾರಿ ಹಲಗೆ ಹಿಡಿದು ಬಂದವನು ಯಂತ್ರ ನೋಡಿ ನಿಂತ.

"ಸಣ್ಣ ಸಾವ್ಕಾರ್ರೆ, ಗಾರ್ಡು?"

ಹಿಂದಿನ ದಿನ ತೊಳೆದಿಟ್ಟ ಗಾರ್ಡು ಹಿತ್ತಲ ನಲ್ಲಿಯ ಹತ್ತಿರವೇ ಉಳಿದಿತ್ತು. ಹಾಕಲೆಂದು ತೆಗೆದುಕೊಂಡಿದ್ದ ನಟ್ಟು ನನ್ನ ಜೇಬಿನಲ್ಲಿ. ತಂದು ಹಾಕಲು ಐದು ನಿಮಿಷ ಸಾಕಿತ್ತು. ನಾನು ಗಡಿಯಾರ ನೋಡಿಕೊಂಡು, "ಒಂದೇ ಪಟ್ಟಿ ಅಲ್ವಾ? ನಿಮ್ಮಂಥ ಕೈಗೆ ಗಾರ್ಡು ಯಾಕೆ ಬೇಕು ಆಚಾರ್ರೆ!" ಎಂದೆ. ನೋಡಿ, ಬೈದು ಕೆಲಸ ಮಾಡಿಸುವವರಿಗಿಂತ ಹೊಗಳಿ ಮಾಡಿಸುವವರು ಅಪಾಯಕಾರಿ. ಸಾವ್ಕಾರರ ಮಗ ಹೊಗಳಿದ ಮೇಲೆ ಅವನಾದರೂ ಏನು ಹೇಳಿಯಾನು? ಸ್ವಿಚ್ಚು ಹಾಕಿದ. ಹಲಗೆಯಲ್ಲೊಂದು ಗಂಟಿತ್ತು. ಗರಗಸ ಅದಕ್ಕೆ ತಾಗಿ ಹಲಗೆ ಹಾರಿತು. ಎಡಗೈಯ ಎರಡು ಬೆರಳು ಹೋದವು.

ಬೆರಳಿನ ವಿಷಯ ಇಷ್ಟೇ ಸಾಕು. ನಾನು ನಾಚಬೇಕಾದದ್ದು ಅದರ ನಂತರದ ಮಾತಿಗೆ. ಕೂಗು ಕೇಳಿ ಓಡಿಬಂದ ಅಪ್ಪ, "ಗಾರ್ಡ್ ಎಲ್ಲೋ? ಯಾರೋ ಬಿಚ್ಚಿಟ್ಟಿದ್ದು?" ಎಂದು ಅಬ್ಬರಿಸಿದರು. ಜವರಾಚಾರಿ ಕೈಗೆ ಟವೆಲು ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ. ನಾನು ಹೇಳಿದೆ: "ನಾನು ಹಾಕಿದ್ದೆ ಅಪ್ಪಾಜಿ. ಅಡ್ಡ ಬರುತ್ತೆ ಅಂತ ಆಚಾರ್ರೇ ಬಿಚ್ಚಿದ್ರು."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಟವೆಲನ್ನು ಇನ್ನಷ್ಟು ಬಿಗಿದುಕೊಂಡ. ಅಪ್ಪ ಆಸ್ಪತ್ರೆಯ ಖರ್ಚನ್ನೆಲ್ಲ ಚೆನ್ನಾಗಿಯೇ ನೋಡಿಕೊಂಡರು. ಆದರೆ ಗಾಯ ಮಾಯ್ದ ಮೇಲೆ, "ಗ್ಯಾನ ಇಲ್ಲದವನ ಕೈಗೆ ಯಂತ್ರ ಕೊಡೋಕಾಗಲ್ಲಪ್ಪ" ಎಂದುಬಿಟ್ಟರು. ಊರಿನ ಉಳಿದ ಅಂಗಡಿಗಳವರೂ ಅದನ್ನೇ ಹೇಳಿದರು. ಆಚಾರಿಗೆ ಬೆರಳು ಹೋದರೂ ಕೆಲಸ ಸಿಗುತ್ತದೆ, ಗಮನ ಇಲ್ಲದವನು ಎಂಬ ಹೆಸರು ಬಂದರೆ ಸಿಗುವುದಿಲ್ಲ. ಅವನು ಹೆಂಡತಿಯನ್ನು ಕರೆದುಕೊಂಡು ಅರಕಲಗೂಡಿಗೆ ಹೊರಟುಹೋದ. ನನಗೆ ಚನ್ನರಾಯಪಟ್ಟಣದಲ್ಲಿ ನೌಕರಿ ಸಿಕ್ಕಿತು. ಅಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಮಾಡಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ನಗಬೇಕೆನಿಸಿದರೆ ನಕ್ಕುಬಿಡಿ.

ಅಂಗಡಿಯವನಿಗೆ ನಟ್ಟು ವಾಪಸ್ಸು ಕೊಟ್ಟು, ಯೋಚಿಸಿ ಹೇಳುತ್ತೇನೆಂದು ಬಂದೆ. ಎರಡು ದಿನ ಬಿಟ್ಟು ಅರಕಲಗೂಡಿನ ಬಸ್ಸು ಹತ್ತಿದೆ. ಯಾವ ಯಂತ್ರ ಕೊಳ್ಳಬೇಕೆಂದು ಗೊತ್ತಿರುವವರನ್ನು ಕೇಳಿಬರುತ್ತೇನೆ ಎಂದು ಗಿರಿಜಳಿಗೆ ಹೇಳಿದ್ದೆ. ಅರ್ಧ ದಾರಿಯ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ.

ಜವರಾಚಾರಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಮಗ ಮಹೇಶನ ಮರಗೆಲಸದ ಅಂಗಡಿ, ಹಿಂದೆ ಮನೆ. ಜಗುಲಿಯ ಮೇಲೆ ಮುದುಕ ಕಾಯಿ ತುರಿಯುವ ಮಣೆಗೆ ಉಜ್ಜುಗೊರಡು ಹಾಕಿ ನಯ ಮಾಡುತ್ತಿದ್ದ. ಎಡಗೈಯನ್ನು ಮೊದಲು ನೋಡಿ ಗುರುತು ಹಿಡಿದೆ. ಅವನು ನನ್ನ ಮುಖವನ್ನೇ ನೋಡಿ ಗುರುತು ಹಿಡಿದ.

"ಬನ್ನಿ ಮೇಷ್ಟ್ರೇ. ನೀವು ಮೇಷ್ಟ್ರಾಗಿದ್ದು ಕೇಳಿದ್ದೆ."

ಮಹೇಶ ಕಾಫಿ ತರಿಸಿದ. ನಾನು ನೋಟ್‌ಬುಕ್ಕು ತೆಗೆದು ಮೋಟಾರು, ಹಲ್ಲು ಎಂದೆಲ್ಲ ಶುರುಮಾಡಿದೆ. ಮುದುಕ ಕೇಳಿ, "ಮಿಷನ್ನು ಯಾವ್ದಾದ್ರೂ ಆಯ್ತದೆ ಬುಡಿ. ಪಕ್ಕದಲ್ಲಿ ನಿಂತಿರೋನು ಎಂತೋನು ಅಂತ ನೋಡ್ಕಬೇಕು" ಎಂದ. ನಾನು ಕಾಫಿ ಲೋಟದೊಳಗೆ ನೋಡಿದೆ.

ಮಹೇಶ ನಕ್ಕ. "ಅಪ್ಪನ್ನ ಕೇಳ್ಬ್ಯಾಡಿ ಸಾ. ಅವ್ರನ್ನ ನಾನು ಮಿಷನ್ ತಾವ್ಕೇ ಬುಡಾಕಿಲ್ಲ. ಗಾರ್ಡ್ ಬಿಚ್ಚಾಕಿ ಬೆಳ್ಳು ಕಳ್ಕಂಡೋರು. ಕೆಲ್ಸಕ್ಕೆ ಬಂದೋರ್ಗೆಲ್ಲ ನಮ್ಮಪ್ಪನ್ ಕೈ ತೋರ್ಸೇ ಬುದ್ಧಿ ಯೋಳೋದು."

ಉಜ್ಜುಗೊರಡು ಒಂದು ಕ್ಷಣ ನಿಂತು ಮತ್ತೆ ಹರಿಯಿತು. ನನ್ನ ಸುಳ್ಳು ಅಂದೇ ಹೊಳೆನರಸೀಪುರದಲ್ಲೇ ಸತ್ತಿದೆ ಎಂದುಕೊಂಡಿದ್ದೆ. ಅದು ಇವನ ಮನೆಯಲ್ಲೇ ಬೆಳೆದು, ಹೆತ್ತ ಮಗನ ಬಾಯಿಂದ ದಿನಾ ಇವನಿಗೆ ಬುದ್ಧಿ ಹೇಳುತ್ತಿತ್ತು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕಾಫಿ ಚೆನ್ನಾಗಿದೆ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದೆ. ನನ್ನ ಜನ್ಮದಲ್ಲಿ ಬಸ್ಸು ಎರಡನೆಯ ಸಲ ಸಹಾಯಕ್ಕೆ ಬಂತು.

ವಾರವೆಲ್ಲ ಊಟ ರುಚಿಸಲಿಲ್ಲ. "ಮಿಷನ್ ಆಯ್ಕೆ ಆಗದಿದ್ರೆ ಇಷ್ಟು ಸೊರಗೋದಾ?" ಎಂದು ಗಿರಿಜ ಹಂಗಿಸಿದಳು. ತಡೆಯಲಾರದೆ ಅವಳಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ನನಗೆ ಹೇಳಿದರೆ ಏನು ಬಂತು?" ಎಂದಳು. ಹಂಗಿಸುವ ದನಿ ಆಗಿರಲಿಲ್ಲ.

ಮತ್ತೆ ಅರಕಲಗೂಡಿಗೆ ಹೋದೆ. ಮುದುಕ ಅದೇ ಜಗುಲಿಯ ಮೇಲಿದ್ದ. ಈ ಸಲ ಕೂರಲೂ ಇಲ್ಲ. "ಆಚಾರ್ರೆ, ಅವತ್ತು ಗಾರ್ಡ್ ಬಿಚ್ಚಿದ್ದು ನಾನು. ನೀವು ಕೇಳಿದ್ರಿ, ನಾನು ಕೊಡಲಿಲ್ಲ. ಅಪ್ಪಾಜಿಗೆ ಸುಳ್ಳು ಹೇಳಿದೆ" ಎಂದೆ. ಇಷ್ಟು ಸಣ್ಣ ಮಾತಿಗೆ ಅಷ್ಟು ವರ್ಷ ಬೇಕಾಗಿತ್ತು.

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಂಗ್ ಗೊತ್ತಿರೋದ್ನೇ ನಂಗ್ ಯೋಳ್ತಾ ಇದ್ದೀರಲ್ಲ ಮೇಷ್ಟ್ರೇ. ನಟ್ಟು ನಿಮ್ ಜೋಬಲ್ಲೇ ಗಿಲಿಗಿಲಿ ಅಂತಿದ್ವು" ಎಂದ. ಆಮೇಲೆ ಗದ್ದದಲ್ಲಿ ಒಳಗಡೆ ತೋರಿಸಿದ. "ಅವನ್ಗೆ ಯೋಳಿ."

ಒಳಗೆ ಮಹೇಶ ಹಲಗೆ ಕುಯ್ಯುತ್ತಿದ್ದ. ಸ್ವಿಚ್ಚು ಆರಿಸಲು ಕೈಸನ್ನೆ ಮಾಡಿ, ಅವನಿಗೂ ಹೇಳಿದೆ. ಗರಗಸ ಪೂರ್ತಿ ನಿಲ್ಲುವವರೆಗೂ ಅವನು ಅದನ್ನೇ ನೋಡುತ್ತ ನಿಂತ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ನನ್ನನ್ನು ದಾಟಿ ಬಾಗಿಲಿಗೆ ಹೋಗಿ ಅಪ್ಪನನ್ನು ಕೇಳಿದ, "ನೀನ್ಯಾಕ್ ಒಂದಿನಾನೂ ಯೋಳ್ನಿಲ್ಲ?"

"ನಿಮ್ಮವ್ವಂಗೆ ಯೋಳಿದ್ದೆ ಕಣ್ಲಾ, ಅವತ್ತೇ. ಓದ್ದೋರು ಅಂಗೆಲ್ಲ ಸುಳ್ಳ್ ಯೋಳ್ತಾರಾ, ನಿನ್ ತಪ್ಪ್ ಮುಚ್ಕಳಾಕೆ ಅವ್ರ್ ಮ್ಯಾಲೆ ಯಾಕಾಕೀಯ ಅಂದ್ಲು. ಕಟ್ಕಂಡೋಳೇ ನಂಬ್ನಿಲ್ಲ ಅಂದ್ಮೇಲೆ ಇನ್ಯಾರ್ಗ್ ಯೋಳನ?"

ಮಹೇಶ ತಿರುಗಿದ. ಅಂಗಡಿಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಅವನ ತಾಯಿಯ ಫೋಟೋ ಇತ್ತು, ಹಾರ ಹಾಕಿತ್ತು. ಅದರ ಕಡೆ ಕೈ ತೋರಿಸಿ, ದನಿ ಏರಿಸದೆ ಹೇಳಿದ, "ಇನ್ನೊಂದ್ಸಲ ಯೋಳಿ ಸಾ. ಅವ್ವನೂ ಕೇಳಿಸ್ಕಳ್ಳಿ."

ಅರವತ್ತು ದಾಟಿದ ಮೇಷ್ಟ್ರು ನಾನು, ಫೋಟೋದ ಮುಂದೆ ಕೈಕಟ್ಟಿ ನಿಂತು ಹೇಳಿದೆ. ಗಾರ್ಡ್ ಬಿಚ್ಚಿದ್ದು ನಾನಮ್ಮ. ನಿಮ್ಮ ಯಜಮಾನರು ನಿಮಗೆ ನಿಜವನ್ನೇ ಹೇಳಿದ್ದರು. ಫೋಟೋದಲ್ಲಿದ್ದ ಹೆಂಗಸಿನ ಮುಖ ಮೊದಲಿದ್ದ ಹಾಗೆಯೇ ಇತ್ತು. ನಾಚಿಕೆಯಿಂದ ಸಾಯುವುದು ಎನ್ನುತ್ತಾರಲ್ಲ, ಅದು ಸುಳ್ಳು. ಸಾಯುವುದಿಲ್ಲ, ಅಲ್ಲೇ ನಿಂತಿರಬೇಕಾಗುತ್ತದೆ. ಹೊರಗೆ ಉಜ್ಜುಗೊರಡಿನ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ ಮುದುಕ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಕ್ಷಮಿಸಿದೆ ಎಂದು ಅವನೂ ಹೇಳಲಿಲ್ಲ, ಮಗನೂ ಹೇಳಲಿಲ್ಲ. ಆ ದಿನ ಕಾಫಿಯನ್ನೂ ತರಿಸಲಿಲ್ಲ. ಅದೇ ಸರಿ. ನಾನು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಹಿಂದಿನಿಂದ ಯಂತ್ರ ಶುರುವಾದ ಸದ್ದು ಕೇಳಿಸಿತು. ಕುಯ್ಯುತ್ತಿದ್ದವನು ಮಗನೋ ಅಪ್ಪನೋ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಶೆಡ್ಡಿನ ಮುಕ್ಕಾಲು ಭಾಗದಲ್ಲಿ ಈಗ ತೆಂಗಿನಕಾಯಿ. ಉಳಿದ ಮೂಲೆಯಲ್ಲಿ ನನ್ನದೊಂದು ಮೇಜು, ಒಂದು ಕೈಗರಗಸ. ನಿನ್ನೆ ಅಂಗಡಿಯವನು ಫೋನ್ ಮಾಡಿ, "ಯಾವ್ದು ಫೈನಲ್ ಮಾಡುದ್ರಿ ಸಾ?" ಎಂದ. ಮಿಷನ್ ಬೇಡವಪ್ಪ ಎಂದೆ. "ಯಾಕ್ ಸಾ, ಭಯಾನಾ?" ಎಂದು ನಕ್ಕ. ಹೌದು ಎಂದೆ. ಆಮೇಲೆ, ಅವನು ಕೇಳದಿದ್ದರೂ, ಅಂಗಡಿಗೆ ಬಂದವರ ಎದುರು ಆ ಗಾರ್ಡನ್ನು ಬಿಚ್ಚಬೇಡ ಎಂದೆ. ಯಾಕೆ ಎಂದು ಕೇಳಿದ. ಗರಗಸ ಕೆಳಗಿಟ್ಟು, ಐದನೆಯ ಸಲ ಹೇಳಲು ಶುರುಮಾಡಿದೆ.